ಹಿಂದಿನ ಸಸ್ಪೆನ್ಷನ್‌ಗೆ ಪೂರ್ತಿ ಕಿಟ್ ತರಿಸುವ ಮುಂಚೆ

ಕಾರನ್ನು ಜೋರಾಗಿ ಓಡಿಸುವ ಆಸೆ ಇರುವವರು ಹಿಂದಿನ ಸಸ್ಪೆನ್ಷನ್‌ಗೆ ಕೈ ಹಾಕಿದರೆ ಸೀದಾ ಪೂರ್ತಿ ಕಿಟ್ ತರಿಸಿಬಿಡುತ್ತಾರೆ. ಚಕ್ರವನ್ನು ಹಿಡಿದಿಡುವ ಎಲ್ಲ ಆರ್ಮ್ (ಲಿಂಕ್ ಅನ್ನುವುದೂ ಇದನ್ನೇ), ಅವುಗಳ ಕೀಲಿನಲ್ಲಿ ಕೂರುವ ಎಲ್ಲ ಬುಶ್, ಎಲ್ಲವೂ ಗಟ್ಟಿ. ನನಗೆ ಇದು ಸರಿ ಅನಿಸುವುದಿಲ್ಲ. ಒಂದು ಚಕ್ರವನ್ನು ಹಲವು ಲಿಂಕ್‌ಗಳು ಹಿಡಿದಿರುವ ಮಲ್ಟಿಲಿಂಕ್ ಸಸ್ಪೆನ್ಷನ್‌ನಲ್ಲಿ ಒಂದೊಂದು ಲಿಂಕ್‌ಗೂ ಒಂದೊಂದು ಕೆಲಸ ಇದೆ. ಆ ಕೆಲಸ ನೋಡಿ ಬುಶ್ ಆರಿಸಬೇಕು.

ಕಂಪನಿಯವರು ರಬ್ಬರ್ ಹಾಕುವುದು ಸದ್ದು ಕಡಿಮೆ ಮಾಡಲು ಮಾತ್ರ ಅಂದುಕೊಂಡವರೇ ಜಾಸ್ತಿ. ಆದರೆ ಅದು ಯಾವ ಕಡೆಗೆ ಎಷ್ಟು ಬಗ್ಗಬೇಕು ಅನ್ನುವುದಕ್ಕೂ ಲೆಕ್ಕ ಇರುತ್ತದೆ. 1977ರಲ್ಲಿ ಬಂದ ಪೋರ್ಶೆ 928 ನೋಡಿ. ತಿರುವಿನಲ್ಲಿ ಆಕ್ಸಿಲರೇಟರ್‌ನಿಂದ ಥಟ್ಟನೆ ಕಾಲು ತೆಗೆದರೆ ಹಿಂದಿನ ಚಕ್ರ ಹೊರಮುಖವಾಗಿ, ಕಾರಿನ ಹಿಂಭಾಗ ಜಾರುವ ಅಪಾಯ ಇರುತ್ತದೆ. ಈ ಕಾರಿನ ವೈಸಾಖ್ ಆಕ್ಸಲ್ ಎಂಬ ಹಿಂದಿನ ಸಸ್ಪೆನ್ಷನ್, ಕಾಲು ತೆಗೆದಾಗ ಚಕ್ರವನ್ನು ಹಿಂದಕ್ಕೆಳೆಯುವ ಅದೇ ಬಲವನ್ನು ಬಳಸಿಕೊಂಡು ಚಕ್ರವನ್ನು ತುಸು ಒಳಮುಖ ಮಾಡುತ್ತಿತ್ತು. ಇಂಥ ಕಡೆ ಒಂಚೂರೂ ಬಗ್ಗದ ಬುಶ್ ಹಾಕಿದರೆ ಆ ಗುಣವೇ ಹೋಗುತ್ತದೆ.

ನನ್ನ ಪ್ರಕಾರ ಮೊದಲ ದುಡ್ಡು ಟೋ ಲಿಂಕ್‌ಗೆ ಹೋಗಬೇಕು. ಟೋ ಅಂದರೆ ಮೇಲಿನಿಂದ ನೋಡಿದಾಗ ಚಕ್ರ ಎಷ್ಟು ಒಳಮುಖ, ಎಷ್ಟು ಹೊರಮುಖ ಅನ್ನುವುದು; ಅದನ್ನು ಹಿಡಿದಿಡುವುದೇ ಈ ಲಿಂಕ್. ಕಾರು ತಗ್ಗಿಸಿದ ಮೇಲೆ ಚಕ್ರದ ಮೇಲ್ಭಾಗ ಒಳಗೆ ವಾಲುತ್ತದೆ, ಎಲ್ಲರೂ ಆ ವಾಲಿಕೆಯನ್ನು (ಅದೇ ಕ್ಯಾಂಬರ್) ಸರಿಪಡಿಸುವ ಕ್ಯಾಂಬರ್ ಆರ್ಮ್ ಹುಡುಕುತ್ತಾರೆ. ಟೈರನ್ನು ಬೇಗ ತಿನ್ನುವುದು ಮಾತ್ರ ಟೋ. ಚಕ್ರ ಓಡುವ ದಿಕ್ಕಿಗೆ ಬರೀ ಕಾಲು ಡಿಗ್ರಿ ಓರೆ ಇದ್ದರೂ ಟೈರು ಪ್ರತಿ ಕಿಲೋಮೀಟರಿಗೆ 4 ಮೀಟರಿಗಿಂತ ಜಾಸ್ತಿ ಅಡ್ಡಕ್ಕೆ ಉಜ್ಜುತ್ತದೆ! ಮೇಲಾಗಿ ಕ್ಯಾಂಬರ್ ಬದಲಿಸಿದರೆ ಟೋ ಕೂಡ ಕದಲುತ್ತದೆ. ಅದನ್ನು ಸರಿಪಡಿಸುವಷ್ಟು ಜಾಗ ಟೋ ಹೊಂದಿಸುವ ಮೂಲ ಬೋಲ್ಟ್‌ನಲ್ಲಿ ಉಳಿದಿರದಿದ್ದರೆ ಕ್ಯಾಂಬರ್ ಆರ್ಮ್ ಒಂದನ್ನೇ ಹಾಕಿಸಿ ಏನು ಪ್ರಯೋಜನ?

ಇನ್ನು ಪಾಲಿಯುರೆಥೇನ್, ಅಂದರೆ ರಬ್ಬರ್ ಬದಲು ಹಾಕುವ ಗಟ್ಟಿ ಪ್ಲಾಸ್ಟಿಕ್‌ನಂಥ ಬುಶ್. ಗಡಸುತನ ಹೇಳುವ ಷೋರ್ ಎ ಅಳತೆಯಲ್ಲಿ 80, 90, 95 ಅಂತೆಲ್ಲ ಬರೆದಿರುತ್ತಾರೆ. ಆ ಸಂಖ್ಯೆ ನೋಡಿ ಮರುಳಾಗಬೇಡಿ. ಪಾಲಿ ಬುಶ್ ಒಂದೇ ಅಕ್ಷದ ಸುತ್ತ ತಿರುಗುವ ಕಡೆ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಗ್ರೀಸ್ ಇದ್ದರೆ ಕಿರುಗುಟ್ಟುವುದೂ ಇಲ್ಲ. ತಿರುಗುವುದರ ಜೊತೆಗೆ ಓರೆಯಾಗಿ ತಿರುಚಿಕೊಳ್ಳುವ ಕಡೆ ಹಾಕಿದರೆ ಬಿಗಿದುಕೊಳ್ಳುತ್ತದೆ. ಬಿಎಂಡಬ್ಲ್ಯೂ ಇ46 (3 ಸರಣಿಯ ಹಳೇ ಮಾದರಿ) ಕಾರಿನ ಟ್ರೇಲಿಂಗ್ ಆರ್ಮ್, ಅಂದರೆ ಚಕ್ರದಿಂದ ಮುಂದಕ್ಕೆ ಚಾಚಿದ ಆರ್ಮ್, ಅದರ ಬುಶ್ ಅಂಥದ್ದೇ ಜಾಗ. ಅಲ್ಲಿ ಹೊಸ ರಬ್ಬರ್ ಬುಶ್ ಜೊತೆ ಅದು ಅಡ್ಡಕ್ಕೆ ಹೆಚ್ಚು ಸರಿಯದಂತೆ ತಡೆಯುವ ಲಿಮಿಟರ್ ಹಾಕಿ, ಇಲ್ಲವೇ ಸ್ಫೆರಿಕಲ್ ಬೇರಿಂಗ್ (ಲೋಹದ ಗುಂಡಿನ ಕೀಲು) ಹಾಕಿ. ಪಾಲಿ ಬೇಡ. ಬಿಗಿದುಕೊಂಡ ಬುಶ್ ಲೆಕ್ಕಕ್ಕಿಲ್ಲದ ಇನ್ನೊಂದು ಸ್ಪ್ರಿಂಗ್ ಥರ ಆಡುತ್ತದೆ. ನೀವು ಆರಿಸಿ ಹಾಕಿದ ಶಾಕ್ ಅಬ್ಸಾರ್ಬರ್, ಸ್ಪ್ರಿಂಗ್ ಎಲ್ಲದರ ಲೆಕ್ಕ ತಪ್ಪುತ್ತದೆ.

ಈ ಸ್ಫೆರಿಕಲ್ ಜಾಯಿಂಟ್ ನನಗೆ ತುಂಬ ಇಷ್ಟ. ಬಗ್ಗುವುದಿಲ್ಲ, ಆದರೆ ಸಲೀಸಾಗಿ ತಿರುಗುತ್ತದೆ. ಅದಕ್ಕೆ ತೆರಬೇಕಾದ ಬೆಲೆ ಸದ್ದು ಮತ್ತು ಸವೆತ. ಧೂಳು, ನೀರು ಹೊಕ್ಕರೆ ಬೇಗ ಸಡಿಲವಾಗುತ್ತದೆ. ಹಾಗಾಗಿ ರಸ್ತೆ ಕಾರಿಗೆ ರಬ್ಬರ್ ಬೂಟ್ (ಹೊದಿಕೆ) ಇರುವುದನ್ನೇ ತಗೊಳ್ಳಿ. ಇದೇ ಕೀಲಿಗೆ ಥ್ರೆಡ್ ಇರುವ ಕಡ್ಡಿ ಸೇರಿದ ರಾಡ್ ಎಂಡ್ ಆದರೆ ಇನ್ನೂ ಹುಷಾರಾಗಿರಬೇಕು. ಎಳೆಯುವುದು, ತಳ್ಳುವುದು ಅದಕ್ಕೆ ಒಗ್ಗುತ್ತದೆ, ಅಡ್ಡ ಬಾಗಿಸುವ ಭಾರ ಒಗ್ಗುವುದಿಲ್ಲ. ಟೋ ಲಿಂಕ್‌ಗೆ ಸರಿ. ಸ್ಪ್ರಿಂಗ್ ಕೂರುವ ಕೆಳಗಿನ ಆರ್ಮ್‌ಗೆ ನಾನಂತೂ ಹಾಕುವುದಿಲ್ಲ.

ವಾರದಲ್ಲಿ ಆಫೀಸಿಗೆ ಹೋಗಿ, ಆಗೀಗ ಟ್ರ್ಯಾಕ್‌ಗೂ ಇಳಿಯುವ ಕಾರಿಗೆ ನಾನು ಹೇಳುವುದು ಇಷ್ಟು: ಟೋ ಲಿಂಕ್ ಸ್ಫೆರಿಕಲ್, ಸಬ್‌ಫ್ರೇಮ್ (ಆರ್ಮ್‌ಗಳು ಕೂರುವ ಚೌಕಟ್ಟು) ಬುಶ್ ಸ್ವಲ್ಪ ಗಟ್ಟಿ ರಬ್ಬರ್, ಟ್ರೇಲಿಂಗ್ ಆರ್ಮ್‌ಗೆ ಹೊಸ ರಬ್ಬರ್. ಎಷ್ಟೋ ಕಾರುಗಳಲ್ಲಿ ಹಳೇ ಬುಶ್ ಹರಿದಿರುವುದೇ ನಿಜವಾದ ತೊಂದರೆ.

ಹಾಕುವಾಗ ಎರಡು ಮಾತು. ರಬ್ಬರ್ ಬುಶ್‌ನ ಬೋಲ್ಟನ್ನು ಚಕ್ರ ಜೋತುಬಿದ್ದಿರುವಾಗ ಬಿಗಿ ಮಾಡಬೇಡಿ. ಕಾರು ನೆಲದ ಮೇಲೆ ನಿಂತಾಗಿನ ಎತ್ತರಕ್ಕೆ ತಂದು ಬಿಗಿ ಮಾಡಿ. ಇಲ್ಲದಿದ್ದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಎರಡನೆಯದು, ಸ್ಪ್ರಿಂಗ್ ತೆಗೆದಿಟ್ಟು ಚಕ್ರವನ್ನು ಕೆಳಗಿನ ಕೊನೆಯಿಂದ ಮೇಲಿನ ಕೊನೆಯವರೆಗೆ ಜಾಕ್‌ನಿಂದ ಎತ್ತಿ ನೋಡಿ. ಎಲ್ಲಾದರೂ ಬಿಗಿಯಾದರೆ, ತಾಗಿದರೆ ಆಗಲೇ ಗೊತ್ತಾಗುತ್ತದೆ. ಟೋ ಎಷ್ಟು ಬದಲಾಗುತ್ತದೆ ಅಂತಲೂ ಆಗಲೇ ಅಳೆದುಬಿಡಿ, ಅಲೈನ್‌ಮೆಂಟ್ ಮಾಡಿಸುವುದು ಆಮೇಲೆ.