ಸಿನಿಮಾ ಚೆನ್ನಾಗಿಲ್ಲ ಅಂತ ಬರೆಯುವ ಮೊದಲು ಟೀವಿಯ ಸೆಟ್ಟಿಂಗ್ಸ್ ನೋಡಿ

ಮನೆಯಲ್ಲಿ ಕೂತು ಸಿನಿಮಾ ನೋಡಿ ಬರೆಯುವ ಅಭಿಪ್ರಾಯಗಳಲ್ಲಿ ನಾಲ್ಕು ದೂರುಗಳು ಮತ್ತೆ ಮತ್ತೆ ಕಾಣಿಸುತ್ತವೆ. ‘ಮಾತು ಕೇಳಿಸೋದೇ ಇಲ್ಲ, ಮ್ಯೂಸಿಕ್ ಮಾತ್ರ ಕಿವಿ ತೂತು ಬೀಳೋ ಹಾಗಿದೆ.’ ‘ರಾತ್ರಿ ಸೀನೆಲ್ಲ ಬರೀ ಕತ್ತಲು.’ ‘ಯಾಕೋ ಸೀರಿಯಲ್ ನೋಡಿದ ಹಾಗಾಯ್ತು.’ ‘ಸೆಕೆಂಡ್ ಹಾಫ್ ಎಳೆದಿದ್ದಾರೆ.’ ಇವುಗಳಲ್ಲಿ ಮೊದಲ ಮೂರು ಬಹಳ ಸಲ ಸಿನಿಮಾದ ತಪ್ಪೇ ಅಲ್ಲ, ಟೀವಿಯದ್ದು. ನಾಲ್ಕನೆಯದರಲ್ಲಿ ನಾವು ನೋಡಿದ ರೀತಿಯ ಪಾಲೂ ಇರುತ್ತದೆ. ನಿರ್ದೇಶಕ ತನ್ನ ತಪ್ಪಿಗೆ ಉತ್ತರ ಕೊಡಲಿ, ಆದರೆ ನಮ್ಮ ಟೀವಿಯ ಫ್ಯಾಕ್ಟರಿ ಸೆಟ್ಟಿಂಗಿಗೆ ಅವನನ್ನು ಹೊಣೆ ಮಾಡುವುದು ನ್ಯಾಯವಲ್ಲ. ಯಾವುದು ಯಾರ ತಪ್ಪು ಅಂತ ಪತ್ತೆ ಹಚ್ಚಲು ಒಂದೊಂದಕ್ಕೂ ಸುಲಭದ ಪರೀಕ್ಷೆ ಇದೆ.

‘ಸೀರಿಯಲ್ ಥರ’ ಅನ್ನುವ ದೂರಿನಿಂದ ಶುರು ಮಾಡೋಣ, ಯಾಕೆಂದರೆ ಇದನ್ನು ಎರಡು ನಿಮಿಷದಲ್ಲಿ ಸರಿ ಮಾಡಬಹುದು. ಮಾತಿನ ಚಿತ್ರಗಳು ಬಂದ ಕಾಲದಿಂದಲೂ ಸಿನಿಮಾ ಸೆಕೆಂಡಿಗೆ 24 ಫ್ರೇಮಿನಲ್ಲೇ ಓಡುತ್ತಿದೆ. ಟೀವಿ ಪರದೆ ಸೆಕೆಂಡಿಗೆ 60 ಅಥವಾ 120 ಸಲ ಹೊಸದಾಗುತ್ತದೆ. ನಡುವಿನ ಜಾಗ ತುಂಬಲು ಟೀವಿ ಎರಡು ಅಸಲಿ ಫ್ರೇಮುಗಳ ಮಧ್ಯೆ ತಾನೇ ಲೆಕ್ಕ ಹಾಕಿ ಸುಳ್ಳು ಫ್ರೇಮುಗಳನ್ನು ಸೇರಿಸುತ್ತದೆ. ಕ್ರಿಕೆಟ್ ನೋಡಲು ಇದು ಚೆನ್ನ. ಸಿನಿಮಾದಲ್ಲಿ ಮಾತ್ರ ಚಲನೆ ಅತಿ ನುಣುಪಾಗಿ, ಸೆಟ್ ಸೆಟ್ಟಿನಂತೆಯೂ ಮೇಕಪ್ ಮೇಕಪ್ಪಿನಂತೆಯೂ ಕಾಣತೊಡಗುತ್ತದೆ. ನಟ ಬೇಗ ಕೈ ಬೀಸಿದಾಗ ಬೆರಳುಗಳ ಸುತ್ತ ನೀರಿನೊಳಗಿನ ಚಿತ್ರದಂತೆ ಅಂಚು ಕದಡಿದರೆ ಇದು ಆನ್ ಇದೆ ಅಂತಲೇ ಅರ್ಥ. 2018ರ ಡಿಸೆಂಬರಿನಲ್ಲಿ ಟಾಮ್ ಕ್ರೂಸ್ ಮತ್ತು ನಿರ್ದೇಶಕ ಕ್ರಿಸ್ಟೋಫರ್ ಮೆಕ್ವಾರಿ ಒಂದು ವಿಡಿಯೊ ಮಾಡಿ, ದಯವಿಟ್ಟು ಇದನ್ನು ಆಫ್ ಮಾಡಿ ಸಿನಿಮಾ ನೋಡಿ ಅಂತ ಪ್ರೇಕ್ಷಕರನ್ನು ಕೇಳಿಕೊಂಡಿದ್ದರು. ಮರುವರ್ಷ ಟೀವಿ ಕಂಪನಿಗಳೂ ಸಿನಿಮಾ ಸ್ಟುಡಿಯೊಗಳೂ ಸೇರಿದ ಒಕ್ಕೂಟವಾದ ಯುಎಚ್‌ಡಿ ಅಲಯನ್ಸ್ ‘ಫಿಲ್ಮ್‌ಮೇಕರ್ ಮೋಡ್’ ಘೋಷಿಸಿತು. ಇದನ್ನು ಆರಿಸಿದರೆ ಸುಳ್ಳು ಫ್ರೇಮು, ಕೃತಕ ಶಾರ್ಪ್‌ನೆಸ್, ನಾಯ್ಸ್ ರಿಡಕ್ಷನ್ ಎಲ್ಲವೂ ಒಂದೇ ಏಟಿಗೆ ಬಂದ್.

ಆ ಮೋಡ್ ಇಲ್ಲದ ಟೀವಿಯಲ್ಲಿ ಪಿಕ್ಚರ್ ಮೋಡನ್ನು ‘ಸಿನಿಮಾ’ ಅಥವಾ ‘ಮೂವಿ’ಗೆ ಇಡಿ. ಆಮೇಲೆ ಚಲನೆಯ ಆಯ್ಕೆ ಹುಡುಕಿ. ಎಲ್‌ಜಿಯಲ್ಲಿ ಅದರ ಹೆಸರು ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ, ಸ್ಯಾಮ್‌ಸಂಗ್‌ನಲ್ಲಿ ಆಟೋ ಮೋಷನ್ ಪ್ಲಸ್ ಅಥವಾ ಪಿಕ್ಚರ್ ಕ್ಲಾರಿಟಿ. ಆಫ್ ಮಾಡಿ. ಓಎಲ್‌ಇಡಿ ಪರದೆಯಲ್ಲಿ ಪೂರ್ತಿ ಆಫ್ ಮಾಡಿದರೆ ಕ್ಯಾಮೆರಾ ನಿಧಾನಕ್ಕೆ ಪಕ್ಕಕ್ಕೆ ತಿರುಗುವಾಗ ಚಿತ್ರ ತಟತಟ ಎಂದು ಜಿಗಿದಂತೆ ಅನಿಸಬಹುದು. ಹಾಗಾದರೆ ಡಿಜಡರ್ ಅನ್ನುವುದನ್ನು 1 ಅಥವಾ 2ಕ್ಕೆ ಇಟ್ಟುಕೊಳ್ಳಿ, ಅದಕ್ಕಿಂತ ಮೇಲೆ ಬೇಡ. ಶಾರ್ಪ್‌ನೆಸ್ ಕೂಡ ಇಳಿಸಿ. ಆದರೆ ಎಲ್ಲ ಕಂಪನಿಯಲ್ಲೂ ಸೊನ್ನೆಯೇ ಸರಿಯಾದ ಅಂಕಿಯಲ್ಲ. ಸೋನಿಯಲ್ಲಿ ಚಿತ್ರವನ್ನು ಹಾಗೆಯೇ ಬಿಡುವ ಅಂಕಿ 50, ಅದರ ಕೆಳಗೆ ಹೋದರೆ ಮಸುಕಾಗುತ್ತದೆ.

ಇನ್ನು ಕತ್ತಲಿನ ಮಾತು. ಡಿಜಿಟಲ್ ಚಿತ್ರಮಂದಿರದಲ್ಲಿ ಪರದೆಯ ಅತಿ ಬಿಳಿ ಭಾಗದ ಬೆಳಕೇ 48 ನಿಟ್ಸ್ (ಪರದೆಯ ಬೆಳಕಿನ ಅಳತೆ) ಮಾತ್ರ. ಮನೆಯ ಟೀವಿ ಅದರ ಹಲವು ಪಟ್ಟು ಬೆಳಕು ಕೊಡಬಲ್ಲದು. ಆದರೂ ಮನೆಯಲ್ಲೇ ಕತ್ತಲು ಅನಿಸಲು ಕಾರಣ ಕೋಣೆಯ ಬೆಳಕು. ಕಣ್ಣು ಟ್ಯೂಬ್‌ಲೈಟಿಗೆ ಹೊಂದಿಕೊಂಡಿರುವಾಗ ಪರದೆಯ ಕಡುಬೂದು ಅದಕ್ಕೆ ಕಪ್ಪಾಗಿಯೇ ಕಾಣುವುದು. ಎದುರಿನ ಕಿಟಕಿಯ ಪ್ರತಿಫಲನವೂ ಬಿದ್ದರೆ ಕೇಳಲೇಬೇಡಿ. ಎರಡನೆಯ ಕಾರಣ ಎನರ್ಜಿ ಸೇವಿಂಗ್ ಮತ್ತು ಬೆಳಕಿನ ಸೆನ್ಸರ್. ದೀಪ ಆರಿಸಿದ ಕೂಡಲೇ ಇವು ಪರದೆಯನ್ನೂ ಮಂಕು ಮಾಡುತ್ತವೆ, ಹಾಗಾಗಿ ಎರಡನ್ನೂ ಆಫ್ ಮಾಡಿ. ಮೂರನೆಯದನ್ನು ಜನ ಊಹಿಸುವುದೇ ಇಲ್ಲ: ಬೆಳಕು-ಕತ್ತಲಿನ ಅಂತರವನ್ನು ಹೆಚ್ಚು ಮಾಡಿ ತೋರಿಸುವ ಎಚ್‌ಡಿಆರ್. ಕಡಿಮೆ ಬೆಲೆಯ ಟೀವಿಯ ಡಬ್ಬದ ಮೇಲೂ ಎಚ್‌ಡಿಆರ್ ಅಂತ ಬರೆದಿರುತ್ತದೆ. ಆದರೆ 1000 ನಿಟ್ಸಿಗೆ ಹದ ಮಾಡಿದ ಚಿತ್ರವನ್ನು 250-300 ನಿಟ್ಸಿನ ಪರದೆಗೆ ಇಳಿಸುವಾಗ ಟೀವಿ ಇಡೀ ಚಿತ್ರದ ಬೆಳಕನ್ನೇ ಕುಗ್ಗಿಸಿಬಿಡುತ್ತದೆ. ಇಂಥ ಟೀವಿಯಲ್ಲಿ ಎಚ್‌ಡಿಆರ್ ಬಿಟ್ಟು ಮಾಮೂಲಿ ಚಿತ್ರವನ್ನೇ ನೋಡುವುದು ಮೇಲು.

ಇಂಟರ್ನೆಟ್ ನಿಧಾನವಾದಾಗಲೂ ಮೊದಲ ಪೆಟ್ಟು ತಿನ್ನುವುದು ಕತ್ತಲ ದೃಶ್ಯವೇ. ಕಪ್ಪು ಗೋಡೆಯ ಮೇಲೆ ಚೌಕ ಚೌಕ ಕಲೆಗಳು, ಆಕಾಶದಲ್ಲಿ ಮೆಟ್ಟಿಲು ಮೆಟ್ಟಿಲಾದ ಪಟ್ಟೆಗಳು ಕಂಡರೆ ಛಾಯಾಗ್ರಾಹಕನನ್ನು ಬೈಯಬೇಡಿ, ಅದು ವಿಡಿಯೊವನ್ನು ಒತ್ತಿ ಚಿಕ್ಕದು ಮಾಡುವ ಸಂಕೋಚನದ ಕೆಲಸ. ನೆಟ್‌ಫ್ಲಿಕ್ಸ್ ಹೇಳುವ ಪ್ರಕಾರ ಫುಲ್ ಎಚ್‌ಡಿಗೆ 5 ಎಂಬಿಪಿಎಸ್ (ಸೆಕೆಂಡಿಗೆ 5 ಮೆಗಾಬಿಟ್), 4ಕೆಗೆ 15 ಎಂಬಿಪಿಎಸ್ ವೇಗ ಬೇಕು. ಚಿತ್ರಮಂದಿರಕ್ಕೆ ಬರುವ ಫೈಲಿಗೆ ಸೆಕೆಂಡಿಗೆ 250 ಮೆಗಾಬಿಟ್‌ವರೆಗೂ ಅವಕಾಶ ಇರುತ್ತದೆ. ವ್ಯತ್ಯಾಸ ಎಷ್ಟಿದೆ ನೋಡಿ. ಪರೀಕ್ಷೆ ಹೀಗೆ: ಅದೇ ದೃಶ್ಯವನ್ನು ದೀಪ ಆರಿಸಿದ ಕೋಣೆಯಲ್ಲಿ, ಒಳ್ಳೆಯ ಮೊಬೈಲಿನಲ್ಲಿ, ಬ್ರೈಟ್‌ನೆಸ್ ಏರಿಸಿ ನೋಡಿ. ನಟನ ಕೂದಲಿಗೂ ಹಿಂದಿನ ಗೋಡೆಗೂ ನಡುವಿನ ಅಂಚು, ಕಪ್ಪು ಅಂಗಿಯ ಮಡಿಕೆ ಕಾಣಿಸಿದರೆ ತಪ್ಪು ಟೀವಿಯದು. ಅಲ್ಲಿಯೂ ಕಾಣದಿದ್ದರೆ, ಮತ್ತು ಕಥೆಗೆ ಆ ಕತ್ತಲು ಬೇಕಿರದಿದ್ದರೆ, ಧೈರ್ಯವಾಗಿ ಬರೆಯಿರಿ.

ಮಾತು ಕೇಳಿಸದ ದೂರು ಎಲ್ಲಕ್ಕಿಂತ ದೊಡ್ಡದು. ಸಿನಿಮಾದ ಧ್ವನಿ ಬೆರೆಸುವ ಕೋಣೆಯಲ್ಲಿ ಪರದೆಯ ಹಿಂದಿನ ಒಂದೊಂದು ಸ್ಪೀಕರನ್ನೂ 85 ಡೆಸಿಬಲ್ ಮಟ್ಟಕ್ಕೆ ಹೊಂದಿಸಿರುತ್ತಾರೆ, ಅದರ ಮೇಲೆ 20 ಡೆಸಿಬಲ್ ಏರಲು ಜಾಗ ಬಿಟ್ಟಿರುತ್ತಾರೆ. ಪಿಸುಮಾತಿಗೂ ಸ್ಫೋಟಕ್ಕೂ ಬಹಳ ಅಂತರ. ಮನೆಯಲ್ಲಿ ಯಾರೂ ಅಷ್ಟು ಜೋರಾಗಿ ಇಡುವುದಿಲ್ಲ. ವಾಲ್ಯೂಮ್ ಇಳಿಸಿದಾಗ ಸ್ಫೋಟ ಹದಕ್ಕೆ ಬರುತ್ತದೆ, ಪಿಸುಮಾತು ಫ್ಯಾನಿನ ಸದ್ದಿನಡಿ ಮುಳುಗುತ್ತದೆ.

ಇದರ ಜೊತೆಗೆ ಸ್ಪೀಕರುಗಳ ಲೆಕ್ಕ. 5.1 ಅಂದರೆ ಎಡ, ನಡು, ಬಲ, ಹಿಂದೆ ಎರಡು, ಜೊತೆಗೊಂದು ಸಬ್‌ವೂಫರ್. ಮಾತು ಬಹುಪಾಲು ನಡುವಿನ ಸ್ಪೀಕರಿನಲ್ಲೇ ಇರುತ್ತದೆ. ಹೆಚ್ಚಿನ ಟೀವಿಗಳಲ್ಲಿ ನಡುವಿನದು ಇಲ್ಲವೇ ಇಲ್ಲ. ಇರುವ ಎರಡೂ ಕೆಳಕ್ಕೋ ಹಿಂದಿನ ಗೋಡೆಗೋ ಮುಖ ಮಾಡಿರುತ್ತವೆ. ಆಗ ಮಾತು, ಸಂಗೀತ, ಮಳೆ, ಟ್ರಾಫಿಕ್ಕು ಎಲ್ಲ ಅದೇ ಎರಡು ಸ್ಪೀಕರಿನಲ್ಲಿ ತಳ್ಳಾಡುತ್ತವೆ. ಪರಿಹಾರ: ಬರೀ ಟೀವಿ ಸ್ಪೀಕರು ಇದ್ದರೆ ಆಡಿಯೊ ಮೆನುವಿನಲ್ಲಿ 5.1 ಎಂದು ಬರೆದಿರದ ಅದೇ ಭಾಷೆಯ ಟ್ರ್ಯಾಕ್ ಇದೆಯಾ ನೋಡಿ, ಇದ್ದರೆ ಅದನ್ನೇ ಆರಿಸಿ.  ನೈಟ್ ಮೋಡ್ ಅಥವಾ ಡೈನಮಿಕ್ ರೇಂಜ್ ಕಂಪ್ರೆಷನ್ ಆನ್ ಮಾಡಿ. ಜೋರಿನ ಮತ್ತು ಮೆತ್ತಗಿನ ಸದ್ದಿನ ಅಂತರವನ್ನು ಅದು ತಗ್ಗಿಸುತ್ತದೆ. ‘ಸರೌಂಡ್’, ‘ಸ್ಟೇಡಿಯಂ’ ಥರದ ಮೋಡುಗಳು ಮಾತನ್ನು ಗುಂಯ್‌ಗುಟ್ಟಿಸುತ್ತವೆ, ಅವು ಬೇಡವೇ ಬೇಡ.

ಸೌಂಡ್‌ಬಾರ್ ಕೊಳ್ಳುವವರು ವಾಟ್ ನೋಡುವ ಬದಲು ಮೊದಲ ಅಂಕಿ ನೋಡಿ. 2.1ರಲ್ಲಿ ನಡುವಿನ ಸ್ಪೀಕರ್ ಇಲ್ಲ, 3.1ರಲ್ಲಿ ಇದೆ. ಅದನ್ನು ಮಾತ್ರ 2-3 ಡೆಸಿಬಲ್ ಏರಿಸಿಕೊಂಡರೆ ಅರ್ಧ ದೂರು ಮಾಯ. ಆಪ್ಟಿಕಲ್ ತಂತಿಯ ಬದಲು ಎಆರ್‌ಸಿ ಅಂತ ಬರೆದಿರುವ ಎಚ್‌ಡಿಎಂಐ ಬಳಸಿ. ಒಟಿಟಿಗಳು ಹೆಚ್ಚಾಗಿ ಕಳಿಸುವ ಡಾಲ್ಬಿ ಡಿಜಿಟಲ್ ಪ್ಲಸ್ ಎಂಬ ಬಗೆಯ ಧ್ವನಿ ಆಪ್ಟಿಕಲ್‌ನಲ್ಲಿ ಹೋಗುವುದಿಲ್ಲ. ಎಚ್‌ಡಿಎಂಐ ಬಳಸುವಾಗ ಟೀವಿಯ ಡಿಜಿಟಲ್ ಸೌಂಡ್ ಔಟ್‌ಪುಟ್ ಸೆಟ್ಟಿಂಗ್ ಪಿಸಿಎಂ ಅಲ್ಲ, ಆಟೋ ಅಥವಾ ಪಾಸ್‌ಥ್ರೂ ಇರಬೇಕು. ಇಷ್ಟಾದ ಮೇಲೂ ಸಂದೇಹ ಉಳಿದರೆ ತಂತಿಯ ಇಯರ್‌ಫೋನಿನಲ್ಲಿ, ಸಬ್‌ಟೈಟಲ್ ತೆಗೆದು, ಅದೇ ದೃಶ್ಯ ಕೇಳಿ. ಆಗಲೂ ಪದಗಳು ತಪ್ಪಿಹೋದರೆ ಧ್ವನಿ ವಿಭಾಗದ ಮೇಲೆ ನಿಮ್ಮ ದೂರು ನೂರಕ್ಕೆ ನೂರು ಸರಿ. ಮಾತು ತಿನ್ನುವ ನಟರೂ ಇದ್ದಾರೆ, ಸಂಗೀತವನ್ನು ಮಾತಿನ ಮೇಲೆ ಸುರಿಯುವ ನಿರ್ದೇಶಕರೂ ಇದ್ದಾರೆ.

ತಂತಿಯದು ಅಂತ ಹೇಳಲು ಕಾರಣವಿದೆ. ಬ್ಲೂಟೂತ್ ಇಯರ್‌ಫೋನಿನಲ್ಲಿ ಧ್ವನಿ 100ರಿಂದ 250 ಮಿಲಿಸೆಕೆಂಡು ತಡವಾಗುವುದು ಮಾಮೂಲು. ಒಂದು ಫ್ರೇಮು ಸುಮಾರು 42 ಮಿಲಿಸೆಕೆಂಡು ಅಂದರೆ ಎರಡರಿಂದ ಆರು ಫ್ರೇಮು ಹಿಂದೆ. ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟ ಒಪ್ಪುವ ಮಿತಿ, ಧ್ವನಿ ಮುಂದಿದ್ದರೆ 40 ಮಿಲಿಸೆಕೆಂಡು, ಹಿಂದಿದ್ದರೆ 60. ಮೊಬೈಲ್ ಆ್ಯಪುಗಳು ಇದನ್ನು ಸರಿದೂಗಿಸುತ್ತವೆ, ಟೀವಿಗಳು ಎಲ್ಲ ಸಲ ಅಲ್ಲ. ಈ ಸಣ್ಣ ತಡದಿಂದ ಆಗುವ ಹಾನಿ ಮಾತ್ರ ದೊಡ್ಡದು: ತುಟಿ ಒಂದು ಕಡೆ, ದನಿ ಒಂದು ಕಡೆ ಆದಾಗ ‘ನಟನೆ ಯಾಕೋ ಕೃತಕ’ ಅನಿಸುತ್ತದೆ, ಕಾರಣ ಹೊಳೆಯುವುದಿಲ್ಲ. ಕ್ಲೋಸಪ್ಪಿನಲ್ಲಿ ಪ, ಬ, ಮ ಉಚ್ಚರಿಸುವಾಗ ತುಟಿ ಮುಚ್ಚಿ ತೆರೆಯುವ ಕ್ಷಣವನ್ನೇ ನೋಡಿ. ಸದ್ದು ಆ ಕ್ಷಣಕ್ಕೇ ಬರಬೇಕು. ಡಬ್ ಆದ ಚಿತ್ರದಲ್ಲಿ ತುಟಿ ಹೇಗೂ ಹೊಂದುವುದಿಲ್ಲ, ಅಲ್ಲಿ ಬಾಗಿಲು ಬಡಿದದ್ದು, ಲೋಟ ಮೇಜಿಗೆ ತಾಗಿದ್ದು ನೋಡಿ. ತಪ್ಪಿದ್ದರೆ ಆಡಿಯೊ ಡಿಲೇ ಅಥವಾ ಲಿಪ್‌ಸಿಂಕ್ ಸೆಟ್ಟಿಂಗಿನಲ್ಲಿ ಸರಿಪಡಿಸಿ.

ಡಬ್ಬಿಂಗ್ ನೋಡಿ ನಟನೆ ಅಳೆಯುವುದನ್ನಂತೂ ಬಿಡಬೇಕು. ಅಲ್ಲಿ ಮುಖ ಒಬ್ಬರದು, ದನಿ ಇನ್ನೊಬ್ಬರದು. ಮೂಲ ಭಾಷೆಯಲ್ಲಿ ಸಬ್‌ಟೈಟಲ್ ಹಾಕಿ ನೋಡಿದರೆ ನಟನೆ ಸಿಗುತ್ತದೆ, ಆದರೆ ಸಂಭಾಷಣೆ ಪೂರ್ತಿ ಸಿಗುವುದಿಲ್ಲ. ಇಂಗ್ಲಿಷ್ ಸಬ್‌ಟೈಟಲಿಗೆ ನೆಟ್‌ಫ್ಲಿಕ್ಸ್ ಇಟ್ಟ ಮಿತಿ ಸಾಲಿಗೆ 42 ಅಕ್ಷರ, ಒಮ್ಮೆಗೆ ಎರಡು ಸಾಲು. ಬೇಗ ಮಾತಾಡುವ ಪಾತ್ರದ ಗಾದೆ, ಬೈಗುಳ, ತಮಾಷೆ ಎಲ್ಲ ಅದರೊಳಗೆ ಹಿಡಿಸದೆ ಉದುರಿಹೋಗುತ್ತವೆ. ‘ಸಂಭಾಷಣೆ ಸಪ್ಪೆ’ ಅನ್ನುವ ತೀರ್ಪು ಆ ಭಾಷೆ ಬಲ್ಲವರಿಗೇ ಇರಲಿ. ಕಿವಿ ಕೇಳದವರಿಗೆಂದು ಮಾಡಿದ ಸಬ್‌ಟೈಟಲ್ ಆರಿಸಿಕೊಂಡರೆ ಬಾಗಿಲ ಹಿಂದೆ ಅಡಗಿ ಮಾತಾಡಿದವನ ಹೆಸರೂ ಮುಂಚೆಯೇ ಬಂದುಬಿಡುತ್ತದೆ. ಥ್ರಿಲ್ಲರ್ ನೋಡುವವರು, ಕಿವಿಯ ತೊಂದರೆ ಇಲ್ಲದಿದ್ದರೆ, ಮಾಮೂಲಿಯದನ್ನೇ ಆರಿಸಿ.

ಪರದೆಯ ಅಳತೆಯನ್ನೂ ಗಮನಿಸಿ. 2.39 ಅನುಪಾತದ (ಎತ್ತರದ 2.39 ಪಟ್ಟು ಅಗಲದ) ಸಿನಿಮಾ 16:9 ಟೀವಿಯಲ್ಲಿ ಮುಕ್ಕಾಲು ಎತ್ತರ ಮಾತ್ರ ತುಂಬುತ್ತದೆ, ಮೇಲೆ ಕೆಳಗೆ ಕಪ್ಪು ಪಟ್ಟಿ ಉಳಿಯಲೇಬೇಕು. ಅದು ಕಣ್ಣಿಗೆ ಹಿಡಿಸದೆ ಜೂಮ್ ಒತ್ತಿದರೆ ಚಿತ್ರದ ಅಗಲದಲ್ಲಿ ಕಾಲು ಭಾಗವೇ ಹೋಗುತ್ತದೆ. ಎದುರುಬದುರು ನಿಂತವರಿಬ್ಬರ ಮೂಗು ಮಾತ್ರ ಉಳಿದು ಬೆನ್ನು ಕತ್ತರಿಸಿಹೋದದ್ದನ್ನು ನೋಡಿ ‘ಫ್ರೇಮಿಂಗ್ ಕೆಟ್ಟದಾಗಿದೆ’ ಅನ್ನುವುದು ಸರಿಯಲ್ಲ. ಹಳೆಯ ಕಪ್ಪುಬಿಳುಪು ಚಿತ್ರಗಳು ಹೆಚ್ಚಾಗಿ 1.37ರವು, ಅವನ್ನು ಪರದೆ ತುಂಬ ಎಳೆದರೆ ಮುಖಗಳು ನೂರಕ್ಕೆ 30ರಷ್ಟು ದಪ್ಪಗಾಗುತ್ತವೆ. ಐಮ್ಯಾಕ್ಸಿಗೆ ತೆಗೆದ ಕೆಲವು ಚಿತ್ರಗಳಲ್ಲಿ ಪಟ್ಟಿ ನಡುನಡುವೆ ಬಂದು ಹೋಗುತ್ತದೆ, ಅದು ಬೇಕೆಂದೇ ಮಾಡಿದ್ದು.

ಈಗ ‘ಎಳೆದಿದ್ದಾರೆ.’ ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿದರೆ ಮಾತೇನೋ ಅರ್ಥವಾಗುತ್ತದೆ, ಆದರೆ 6 ಸೆಕೆಂಡಿನ ಮೌನ 4 ಸೆಕೆಂಡಿಗೆ ಇಳಿಯುತ್ತದೆ. ಮಗನ ಸುದ್ದಿ ಕೇಳಿ ತಾಯಿ ಏನೂ ಹೇಳದೆ ಒಲೆ ಆರಿಸುವ ದೃಶ್ಯದಲ್ಲಿ ಸಂಕಟವೆಲ್ಲ ಇರುವುದು ಆ 2 ಸೆಕೆಂಡಿನಲ್ಲೇ. ಮೂರು ಸಂಜೆ ತುಂಡು ಮಾಡಿ ನೋಡಿದವರು, ಫೋನ್ ಕೈಯಲ್ಲಿಟ್ಟುಕೊಂಡು ನೋಡಿದವರು ನಿರೂಪಣೆಯ ವೇಗದ ಬಗ್ಗೆ ಬರೆಯದಿರುವುದು ಒಳ್ಳೆಯದು. ಕಥೆ, ನಟನೆಯ ಬಗ್ಗೆ ಧಾರಾಳವಾಗಿ ಬರೆಯಲಿ. ತಡೆಯಿಲ್ಲದೆ ನೋಡಿಯೂ ಬೇಸರ ಬಂದರೆ ಎಲ್ಲಿ, ಯಾಕೆ ಅಂತ ಹುಡುಕಿ, ಯಾಕೆಂದರೆ ಎಳೆತದಲ್ಲೂ ಬಗೆಗಳಿವೆ. ನಾಯಕನಿಗೆ ಸಾಲ ಇದೆ ಅಂತ 10ನೇ ನಿಮಿಷದಲ್ಲಿ ತೋರಿಸಿ, 18ರಲ್ಲಿ ಗೆಳೆಯನ ಬಾಯಲ್ಲಿ ಹೇಳಿಸಿ, 25ರಲ್ಲಿ ಹಾಡಿನಲ್ಲಿ ಮತ್ತೆ ಹೇಳಿದರೆ ಅದು ಚಿತ್ರಕಥೆಯ ದೋಷ. ಒಬ್ಬ ಬೈಕ್ ನಿಲ್ಲಿಸಿ, ಗೇಟು ತೆಗೆದು, ಚಪ್ಪಲಿ ಬಿಟ್ಟು, ಕೂತು, ನೀರು ಕುಡಿದ ಮೇಲಷ್ಟೇ ದೃಶ್ಯದ ಮಾತು ಶುರುವಾದರೆ ಅದು ಸಂಕಲನದ ದೋಷ, ನೀರಿನ ಲೋಟದಿಂದಲೇ ಶುರು ಮಾಡಬಹುದಿತ್ತು. ದೃಶ್ಯದಲ್ಲಿರುವ ಯಾರಿಗೂ ಏನೂ ಬೇಕಾಗಿಲ್ಲದಿದ್ದರೆ ಅದು ಬರವಣಿಗೆಯದೇ ದೋಷ, ಎಷ್ಟು ಕತ್ತರಿಸಿದರೂ ಜೀವ ಬರುವುದಿಲ್ಲ. ಈ ಮೂರನ್ನೂ ‘ಲ್ಯಾಗ್’ ಅಂತ ಒಂದೇ ಪದದಲ್ಲಿ ಮುಗಿಸಿದರೆ ಓದುವವನಿಗೆ ಏನೂ ಸಿಗುವುದಿಲ್ಲ.

ಹೊಗಳಿಕೆಗೂ ಇದೇ ಮಾತು. ‘ಪ್ರತಿ ಫ್ರೇಮೂ ಪೇಂಟಿಂಗ್’ ಅಂದರೆ ಏನೂ ಹೇಳಿದಂತಲ್ಲ. ಯಾವ ದೃಶ್ಯ, ಬೆಳಕು ಯಾವ ಕಡೆಯಿಂದ ಬಂತು, ಅದರಿಂದ ಪಾತ್ರದ ಬಗ್ಗೆ ಏನು ತಿಳಿಯಿತು, ಅಷ್ಟು ಬರೆದರೆ ಸಾಕು. ನಟನೆಯ ಬಗ್ಗೆ ಬರೆಯುವಾಗ ಮಾತಾಡುವವರನ್ನು ಬಿಟ್ಟು ಕೇಳಿಸಿಕೊಳ್ಳುವವರ ಕಣ್ಣು ನೋಡಿ. ಒಳ್ಳೆಯ ನಟರು ಅಲ್ಲಿ ಗೊತ್ತಾಗುತ್ತಾರೆ.

ಪೋಸ್ಟಿನಲ್ಲಿ ಯಾವ ಭಾಷೆಯ ಟ್ರ್ಯಾಕ್ ನೋಡಿದಿರಿ, ಎಷ್ಟು ನಿಮಿಷದ ಪ್ರತಿ ಅಂತ ಒಂದು ಸಾಲು ಹಾಕಿ. ಥಿಯೇಟರಿನ ಅವಧಿಗಿಂತ ಚಿಕ್ಕದಿದ್ದರೆ ದೃಶ್ಯಗಳು ಹಾರಿರಬಹುದು. ಟೀವಿ ಪ್ರಸಾರಕ್ಕೆಂದು ಸೆಕೆಂಡಿಗೆ 25 ಫ್ರೇಮಿಗೆ ಏರಿಸಿದ ಹಳೆಯ ಪ್ರತಿಯಾದರೆ ಮಾತ್ರ 150 ನಿಮಿಷದ ಚಿತ್ರ ಏನನ್ನೂ ಕತ್ತರಿಸದೆಯೇ 144 ನಿಮಿಷಕ್ಕೆ ಮುಗಿಯುತ್ತದೆ, ದನಿಯೂ ತುಸು ತೆಳ್ಳಗಾಗಿರುತ್ತದೆ. ಕಥೆಯಲ್ಲಿ ಮೊದಲ 20-25 ನಿಮಿಷದಲ್ಲಿ ಗೊತ್ತಾಗುವಷ್ಟನ್ನು ಮಾತ್ರ ಹೇಳಿ. ತಿರುವಿನ ಬಗ್ಗೆ ಚರ್ಚಿಸಲೇಬೇಕಿದ್ದರೆ ಪೋಸ್ಟಿನ ಕೊನೆಗೆ, ನಾಲ್ಕಾರು ಸಾಲು ಬಿಟ್ಟು, ಎಚ್ಚರಿಕೆ ಕೊಟ್ಟು ಬರೆಯಿರಿ. ಮೊದಲ ಕೆಲವು ಸಾಲುಗಳು ‘ಇನ್ನಷ್ಟು ನೋಡಿ’ ಒತ್ತದೆಯೇ ಎಲ್ಲರ ಕಣ್ಣಿಗೂ ಬೀಳುತ್ತವೆ, ಮೇಲೆ ಬಂದ ಕಾಮೆಂಟೂ ಹಾಗೆಯೇ. ಕೊಲೆಗಾರ ಯಾರು ಅಂತ ಅಲ್ಲಿ ಬರೆದವರ ಕಾಮೆಂಟನ್ನು ತಕ್ಷಣ ಹೈಡ್ ಮಾಡಿ.