ನಾಲ್ಕು ಮಡಿಕೆ ಹಾಕಿದ ಹಾಳೆ

ಮಧ್ಯಾಹ್ನದ ಮೀಟಿಂಗ್ ಮುಗಿದಾಗಿನಿಂದ ಮನಸ್ಸಿಗೆ ಸಮಾಧಾನ ಇಲ್ಲ. ಯಾರ ಮೇಲೆ ಸಿಟ್ಟು ಅಂತ ಆಗ ಕೇಳಿದ್ದರೆ ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಿದ್ದೆ. ಸಂಜೆ ಆಗುವ ಹೊತ್ತಿಗೆ ಆ ಬೆರಳು ನನ್ನ ಕಡೆಗೇ ತಿರುಗಿದೆ. ಸ್ವಲ್ಪ ಉದ್ದ ಬರೆಯುತ್ತೇನೆ.

ನನ್ನ ಕೆಲಸ ಏನು ಅಂತ ಇಲ್ಲಿರುವ ಹೆಚ್ಚಿನವರಿಗೆ ಗೊತ್ತು. ಗ್ರಾಹಕರ ದೂರು ತೆಗೆದುಕೊಂಡು ಬಗೆಹರಿಸುವ ತಂಡ, 14 ಜನ. ನನ್ನ ಮೇಲೆ ಒಬ್ಬ ಹಿರಿಯರಿದ್ದಾರೆ. ಮೂರು ವಾರದ ಹಿಂದೆ ನಮ್ಮಲ್ಲಿ ಎಲ್ಲರಿಗಿಂತ ಕಿರಿಯ ಹುಡುಗಿ, ಸೇರಿ ಇನ್ನೂ ಎಂಟು ತಿಂಗಳಾಗಿಲ್ಲ, ಮೀಟಿಂಗಿಗೆ ಒಂದು ಹಾಳೆ ತಂದಿದ್ದಳು. ಪೆನ್ಸಿಲ್‌ನಲ್ಲಿ ಗೆರೆ ಎಳೆದು ಕೈಯಲ್ಲೇ ಬರೆದ ಪಟ್ಟಿ. ನಾವು 24 ಗಂಟೆಯೊಳಗೆ ‘ಬಗೆಹರಿದಿದೆ’ ಅಂತ ಮುಚ್ಚಿದ 40 ದೂರುಗಳನ್ನು ತೆಗೆದುಕೊಂಡು, ಒಂದೊಂದೂ ಮುಂದೆ ಏನಾಯಿತು ಅಂತ ನೋಡಿದ್ದಳು. ಅದರಲ್ಲಿ 23 ಜನ ಎರಡು ವಾರದೊಳಗೆ ಅದೇ ಸಮಸ್ಯೆಗೆ ಮತ್ತೆ ಫೋನ್ ಮಾಡಿದ್ದರು. ನಮ್ಮ ಲೆಕ್ಕದಲ್ಲಿ ಅದು ಹೊಸ ದೂರು. ಅದನ್ನೂ 24 ಗಂಟೆಯಲ್ಲಿ ಮುಚ್ಚುತ್ತೇವೆ. ಹಾಗಾಗಿ ತಿಂಗಳ ವರದಿ ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ.

“ಸರ್, ನಾವು ಬೇಗ ಮುಚ್ತಾ ಇದ್ದೀವಿ, ಆದ್ರೆ ಸರಿ ಮಾಡ್ತಾ ಇಲ್ಲ ಅನ್ಸುತ್ತೆ” ಅಂದಳು. ಇಷ್ಟೇ. ಮಾತಿನಲ್ಲಿ ಒಂದು ಚೂರೂ ಅಹಂಕಾರ ಇರಲಿಲ್ಲ.

ಹಿರಿಯರು ಹಾಳೆ ಕೈಗೆ ತೆಗೆದುಕೊಳ್ಳಲೂ ಇಲ್ಲ. “ನೋಡಮ್ಮಾ, 19 ವರ್ಷದಿಂದ ಇದನ್ನೇ ನೋಡ್ಕೊಂಡು ಬಂದಿದ್ದೀನಿ. 40 ದೂರು ಇಟ್ಕೊಂಡು ಏನೂ ಹೇಳಕ್ಕಾಗಲ್ಲ” ಅಂದರು. ಅವಳು “ಸರಿ ಸರ್” ಅಂದಳು. ಹಾಳೆಯನ್ನು ಎರಡಾಗಿ ಮಡಿಸಿದಳು, ಮತ್ತೆ ನಾಲ್ಕಾಗಿ ಮಡಿಸಿದಳು, ಉಗುರಿನಿಂದ ಮಡಿಕೆ ತೀಡಿ ಲ್ಯಾಪ್‌ಟಾಪ್ ಕೆಳಗೆ ಇಟ್ಟಳು. ಆಮೇಲೆ ಆ ಮೀಟಿಂಗಿನಲ್ಲಿ ಬಾಯಿ ಬಿಡಲಿಲ್ಲ. ಅದಾದ ಮೇಲಿನ ಮೀಟಿಂಗಿನಲ್ಲೂ ಇಲ್ಲ.

ಇವತ್ತು ಹೊರಗಿನಿಂದ ಒಬ್ಬ ಸಲಹೆಗಾರರು ಬಂದಿದ್ದರು. ಪರದೆಯ ಮೇಲೆ ಒಂದು ಚಿತ್ರ ಹಾಕಿ, ನಿಮ್ಮಲ್ಲಿ ಮುಚ್ಚಿದ ದೂರುಗಳು ಮತ್ತೆ ಮತ್ತೆ ತೆರೆದುಕೊಳ್ಳುತ್ತಿವೆ, 24 ಗಂಟೆಯ ಗುರಿಯೇ ಇದಕ್ಕೆ ಕಾರಣ ಇರಬಹುದು ಅಂದರು. ಅದೇ ಮಾತು! ಹಿರಿಯರು ಪೆನ್ನು ತೆಗೆದು ಬರೆದುಕೊಂಡರು. “ವೆರಿ ಗುಡ್ ಪಾಯಿಂಟ್” ಅಂದರು. ಹತ್ತು ನಿಮಿಷದಲ್ಲಿ ಗುರಿಯನ್ನು ಮರುಪರಿಶೀಲನೆ ಮಾಡೋಣ ಅಂತ ತೀರ್ಮಾನವೂ ಆಯಿತು. ಆ ಹುಡುಗಿ ಮೇಜಿನ ಕೊನೆಯಲ್ಲಿ ಕೂತಿದ್ದಳು. ನನ್ನ ಕಡೆ ಒಂದು ಸಲ ನೋಡಿದಳು. ನಾನು ಕಣ್ಣು ತಪ್ಪಿಸಿದೆ.

ಹಿತ್ತಲ ಗಿಡ ಮದ್ದಲ್ಲ ಅಂತ ಚಿಕ್ಕಂದಿನಿಂದ ಕೇಳಿದ್ದೇವಲ್ಲ, ಅದು ಕಣ್ಣೆದುರಿಗೆ ನಡೆಯುವಾಗ ಇಷ್ಟು ನೋವಾಗುತ್ತದೆ ಅಂತ ಗೊತ್ತಿರಲಿಲ್ಲ.

ಹಿರಿಯರನ್ನು ಬೈಯುವುದು ಸುಲಭ. ಆದರೆ ಆ 24 ಗಂಟೆಯ ನಿಯಮ ತಂದಿದ್ದು ನಾನು. ನಾಲ್ಕು ವರ್ಷದ ಹಿಂದೆ. ಆಗ ಒಂದೊಂದು ದೂರು ವಾರಗಟ್ಟಲೆ ಕೊಳೆಯುತ್ತಿತ್ತು, ಯಾರೂ ಮುಟ್ಟುತ್ತಿರಲಿಲ್ಲ. ನಿಯಮ ಬಂದ ಮೇಲೆ ರಾಶಿ ಕರಗಿತು, ನನಗೆ ಹೆಸರು ಬಂತು, ಬಡ್ತಿಯೂ ಬಂತು. ಆಗಿನ ಕಾಯಿಲೆಗೆ ಅದು ಸರಿಯಾದ ಮದ್ದೇ ಆಗಿತ್ತು. ಕಾಯಿಲೆ ವಾಸಿಯಾದ ಮೇಲೂ ಅದೇ ಮದ್ದನ್ನು ಕುಡಿಸುತ್ತಾ ಹೋದೆ. ಅವಳು ಹಾಳೆ ತಂದ ದಿನ ನಾನು ಸುಮ್ಮನಿದ್ದಿದ್ದು ಹಿರಿಯರ ಭಯಕ್ಕಲ್ಲ. ಅವಳ ಲೆಕ್ಕ ತಪ್ಪಾಗಿರಲಿ ಅಂತ ಒಳಗೊಳಗೇ ಬಯಸುತ್ತಿದ್ದೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತಾರಲ್ಲ, ಆ ಮೊಲ ಹಿಡಿದಿದ್ದವಳು ನಾನೇ.

ಸಂಜೆಯಿಂದ ಇಗ್ನಾಜ್ ಸೆಮ್ಮೆಲ್‌ವೈಸ್ ಅನ್ನುವ ವೈದ್ಯ ನೆನಪಾಗುತ್ತಿದ್ದಾನೆ. ಅವನಿದ್ದ ವಿಯೆನ್ನಾದ ದೊಡ್ಡ ಆಸ್ಪತ್ರೆಯಲ್ಲಿ ಹೆರಿಗೆ ವಿಭಾಗ ಎರಡಿದ್ದವು. ಒಂದರಲ್ಲಿ ವೈದ್ಯರು ಮತ್ತು ವೈದ್ಯ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು. ವೈದ್ಯರಿದ್ದ ಕಡೆಯೇ ಬಾಣಂತಿಯರು ಜಾಸ್ತಿ ಸಾಯುತ್ತಿದ್ದರು. 1847ರಲ್ಲಿ ಅವನ ಗೆಳೆಯ, ಒಬ್ಬ ವೈದ್ಯ, ಶವಪರೀಕ್ಷೆ ವೇಳೆ ಚಾಕು ತಗುಲಿ ಸತ್ತ. ಅವನಲ್ಲಿ ಕಂಡ ಲಕ್ಷಣಗಳು ಬಾಣಂತಿಯರ ಜ್ವರದ ಹಾಗೇ ಇದ್ದವು. ಸೆಮ್ಮೆಲ್‌ವೈಸ್‌ಗೆ ಹೊಳೆಯಿತು: ಶವಪರೀಕ್ಷೆ ಮಾಡಿದ ಕೈಯಲ್ಲೇ ಹೆರಿಗೆ ಮಾಡಿಸುತ್ತಿದ್ದೇವೆ. ಕ್ಲೋರಿನ್ ನೀರಿನಲ್ಲಿ ಕೈ ತೊಳೆಯಲೇಬೇಕು ಅಂತ ಕಡ್ಡಾಯ ಮಾಡಿದ. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್ ಹೊತ್ತಿಗೆ 2ರ ಆಸುಪಾಸಿಗೆ ಇಳಿಯಿತು. ಇಷ್ಟು ಕಣ್ಣಿಗೆ ಕಂಡರೂ ದೊಡ್ಡ ದೊಡ್ಡ ವೈದ್ಯರು ಒಪ್ಪಲಿಲ್ಲ. ಅವನು 1865ರಲ್ಲಿ ಹುಚ್ಚಾಸ್ಪತ್ರೆಯಲ್ಲಿ ಸತ್ತ.

ಮೊದಲು ಈ ಕತೆ ಓದಿದಾಗ ಆ ವೈದ್ಯರೆಲ್ಲ ಎಂಥ ಮೊಂಡರು ಅಂದುಕೊಂಡಿದ್ದೆ. ಆಗ ರೋಗಾಣುಗಳ ಬಗ್ಗೆ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ, ಅದೂ ಒಂದು ಕಾರಣ. ಆದರೆ ಇವತ್ತು ಅವರ ಸಂಕಟ ನನಗೆ ಅರ್ಥವಾಗುತ್ತದೆ. ಅವನ ಮಾತು ಒಪ್ಪಿದರೆ ‘ಇಷ್ಟು ವರ್ಷ ನನ್ನ ಕೈಯಿಂದಲೇ ತಾಯಂದಿರು ಸತ್ತರು’ ಅಂತಲೂ ಒಪ್ಪಬೇಕಿತ್ತು. ಅದನ್ನು ಯಾರು ಒಪ್ಪುತ್ತಾರೆ ಹೇಳಿ? ನನ್ನದು ಜೀವ ಹೋಗುವ ವಿಷಯ ಅಲ್ಲ, ಹೋಲಿಸುವುದೂ ತಪ್ಪು. ಆದರೂ ನಾಲ್ಕು ವರ್ಷದಿಂದ ಜನ ಮತ್ತೆ ಮತ್ತೆ ಫೋನ್ ಹಿಡಿದು ಕಾಯುತ್ತಿದ್ದರು, ಅದಕ್ಕೆ ನಾನು ಕಾರಣ ಅಂತ ಒಪ್ಪುವುದೇ ನನಗೆ ಇಷ್ಟು ಕಷ್ಟವಾಗುತ್ತಿದೆ.

ನಂಬಿಕೆಗಳನ್ನು ಪ್ರಶ್ನಿಸಿಕೊಳ್ಳಿ, ಕಾಲಕ್ಕೆ ತಕ್ಕ ಹಾಗೆ ಬದಲಾಗಿ ಅಂತ ಎಲ್ಲ ತರಬೇತಿಯಲ್ಲೂ ಹೇಳುತ್ತಾರೆ. ನಾನೂ ಹೇಳಿದ್ದೇನೆ. ಅದು ಒಬ್ಬರೇ ಕೂತು ಯೋಚಿಸಿ ಮಾಡುವ ಕೆಲಸ ಅಂದುಕೊಂಡಿದ್ದೆ. ಆದರೆ ನನ್ನ ನಂಬಿಕೆ ತಪ್ಪು ಅಂತ ಮೊದಲು ಗೊತ್ತಾಗುವುದು ನನಗಲ್ಲ. ಫೋನ್ ಎತ್ತುವ ಹುಡುಗಿಗೆ ಗೊತ್ತಾಗುತ್ತದೆ. ಅವಳು ಅದನ್ನು ಹಾಳೆಯಲ್ಲಿ ಬರೆದು ತರುತ್ತಾಳೆ. ಅವತ್ತು ನನ್ನ ಮುಖದಲ್ಲಿ ಏನು ಕಾಣುತ್ತದೋ ಅದನ್ನು ನೋಡಿ, ಇನ್ನೊಮ್ಮೆ ತರಬೇಕೋ ಬೇಡವೋ ಅಂತ ತೀರ್ಮಾನ ಮಾಡುತ್ತಾಳೆ.

ಸ್ಪೇನ್ ದೇಶದ ಟೆನೆರಿಫ್ ದ್ವೀಪದಲ್ಲಿ ನಡೆದ ವಿಮಾನ ದುರಂತದ ಬಗ್ಗೆ ನಿಮ್ಮಲ್ಲಿ ಕೆಲವರು ಓದಿರಬಹುದು. 1977ರ ಮಾರ್ಚ್ 27, ವಿಮಾನ ನಿಲ್ದಾಣದ ತುಂಬಾ ಮಂಜು. ಕೆಎಲ್‌ಎಂ ಮತ್ತು ಪ್ಯಾನ್ ಆ್ಯಮ್ ಕಂಪನಿಗಳ ಎರಡು ದೊಡ್ಡ ವಿಮಾನಗಳು ಒಂದೇ ರನ್‌ವೇ ಮೇಲೆ. ಕೆಎಲ್‌ಎಂ ವಿಮಾನದ ಕ್ಯಾಪ್ಟನ್ ಸಾಮಾನ್ಯ ಮನುಷ್ಯ ಅಲ್ಲ, ಉಳಿದ ಪೈಲಟ್‌ಗಳಿಗೆ ತರಬೇತಿ ಕೊಡುವವನು. ವಿಮಾನ ಓಡಲು ಶುರುಮಾಡಿದ ಮೇಲೆ ಫ್ಲೈಟ್ ಎಂಜಿನಿಯರ್‌ಗೆ ಅನುಮಾನ ಬಂತು. ಆ ಪ್ಯಾನ್ ಆ್ಯಮ್ ವಿಮಾನ ಇನ್ನೂ ರನ್‌ವೇ ಬಿಟ್ಟಿಲ್ವಾ ಅಂತ ಕೇಳಿದ. ಬಿಟ್ಟಿದೆ ಅಂತ ಕ್ಯಾಪ್ಟನ್ ಖಚಿತವಾಗಿ ಹೇಳಿದ. ಎಂಜಿನಿಯರ್ ಮತ್ತೆ ಕೇಳಲಿಲ್ಲ. ಕೆಲವೇ ಸೆಕೆಂಡುಗಳಲ್ಲಿ ಡಿಕ್ಕಿ. 583 ಜನ ಸತ್ತರು. ಕಾರಣಗಳು ಬೇರೆಯೂ ಇದ್ದವು, ರೇಡಿಯೋ ಮಾತು ಸರಿಯಾಗಿ ಕೇಳಿಸಿರಲಿಲ್ಲ, ಮಂಜಿತ್ತು. ಆದರೆ ಸರಿಯಾದ ಪ್ರಶ್ನೆ ಸರಿಯಾದ ಹೊತ್ತಿಗೆ ಆ ಕಾಕ್‌ಪಿಟ್‌ನಲ್ಲಿ ಕೇಳಿಬಂದಿತ್ತು. ಆಮೇಲಿನ ವರ್ಷಗಳಲ್ಲಿ ಪೈಲಟ್‌ಗಳಿಗೆ ಹೊಸ ಬಗೆಯ ತರಬೇತಿ ಬಂತು. ಕಿರಿಯರಿಗೆ ಗಟ್ಟಿಯಾಗಿ ಹೇಳುವುದನ್ನು ಕಲಿಸಿದರು, ಕ್ಯಾಪ್ಟನ್‌ಗೆ ಕೇಳಿಸಿಕೊಳ್ಳುವುದನ್ನು ಕಲಿಸಿದರು.

ನಮ್ಮ ಮೀಟಿಂಗಿನಲ್ಲಿ ಕಿರಿಯಳು ಹೇಳಿದಳು. ಕೇಳಿಸಿಕೊಳ್ಳುವವರು ಇರಲಿಲ್ಲ. 40 ದೂರು ಕಡಿಮೆ ಅನಿಸಿದ್ದರೆ “400 ನೋಡಮ್ಮಾ, ನಾಲ್ಕು ದಿನ ತಗೋ” ಅನ್ನಬಹುದಿತ್ತಲ್ವಾ? ಹಾಗೆ ಹೇಳಿದ್ದರೆ ಈ ಮೂರು ವಾರ ಹಾಳಾಗುತ್ತಿರಲಿಲ್ಲ.

ಲೀಡರ್ ಅಂದಮೇಲೆ ಗಟ್ಟಿ ಇರಬೇಕು, ದಿನಕ್ಕೊಂದು ಮಾತಾಡಿದರೆ ಕೆಳಗಿನವರು ಏನು ಮಾಡಬೇಕು ಅಂತ ಕೇಳುವವರಿದ್ದಾರೆ. ಗಾಳಿ ಬೀಸಿದ ಕಡೆ ವಾಲುವವರ ಕೈಕೆಳಗೂ ನಾನು ಕೆಲಸ ಮಾಡಿದ್ದೇನೆ, ಆ ಹಿಂಸೆ ಗೊತ್ತು. ಆದರೆ ಇಲ್ಲಿ ಆ ವಾದ ನಿಲ್ಲುವುದಿಲ್ಲ. ಇವತ್ತು ಹತ್ತೇ ನಿಮಿಷದಲ್ಲಿ ಮಾತು ಬದಲಾಯಿತಲ್ಲ, ಆ ಗಟ್ಟಿತನ ಎಲ್ಲಿ ಹೋಯಿತು? ಹೊರಗಿನಿಂದ, ಮೇಲಿನಿಂದ ಬಂದ ಮಾತಿಗೆ ಬೆಣ್ಣೆ ಹಾಗೆ ಕರಗುತ್ತೇವೆ. ಕೆಳಗಿನಿಂದ ಬಂದರೆ ಕಲ್ಲಾಗುತ್ತೇವೆ. ಇದಕ್ಕೆ ದೃಢತೆ ಅಂತ ಹೆಸರಿಡಬೇಡಿ. ಮಾತು ಏನು ಅಂತ ನೋಡದೆ ಯಾರದು ಅಂತ ನೋಡುವ ಚಾಳಿ ಇದು, ನನಗೂ ಇದೆ.

ಇಂಟೆಲ್ ಕಂಪನಿಯ ಆ್ಯಂಡಿ ಗ್ರೋವ್ 1985ರಲ್ಲಿ ಮಾಡಿದ್ದು ನೆನಪಾಯಿತು. ಅವರು ಬೆಳೆದಿದ್ದೇ ಮೆಮೊರಿ ಚಿಪ್ ಮಾಡಿ, ಆದರೆ ಜಪಾನಿನ ಕಂಪನಿಗಳ ಮುಂದೆ ಸೋಲುತ್ತಿದ್ದರು. ನಮ್ಮನ್ನು ತೆಗೆದುಹಾಕಿ ಹೊಸಬರನ್ನು ತಂದರೆ ಅವರು ಏನು ಮಾಡುತ್ತಾರೆ ಅಂತ ಕಂಪನಿಯ ಮುಖ್ಯಸ್ಥ ಗಾರ್ಡನ್ ಮೂರ್ ಅವರನ್ನು ಕೇಳಿದರು. ಮೆಮೊರಿ ವ್ಯವಹಾರ ಬಿಡುತ್ತಾರೆ ಅಂತ ಉತ್ತರ ಬಂತು. ಹಾಗಾದರೆ ಅದನ್ನು ನಾವೇ ಯಾಕೆ ಮಾಡಬಾರದು ಅಂದರು ಗ್ರೋವ್. ಮಾಡಿದರು. ನಾವು ಹೊರಗಿನವರನ್ನು ಕರೆಸಿ ಕೇಳಿದ ಪ್ರಶ್ನೆಯನ್ನು ಅವರು ತಾವೇ ಕೇಳಿಕೊಂಡರು.

ಡಾರ್ವಿನ್‌ಗೂ ಒಂದು ಅಭ್ಯಾಸ ಇತ್ತಂತೆ. ಆತ್ಮಕತೆಯಲ್ಲಿ ಹೇಳಿಕೊಂಡಿದ್ದಾನೆ. ತನ್ನ ತೀರ್ಮಾನಕ್ಕೆ ವಿರುದ್ಧವಾದದ್ದು ಏನೇ ಕಂಡರೂ ತಕ್ಷಣ ಬರೆದಿಟ್ಟುಕೊಳ್ಳುತ್ತಿದ್ದ, ಯಾಕೆಂದರೆ ಅಂಥವೇ ಬೇಗ ಮರೆತುಹೋಗುತ್ತವೆ. ನಾನು ನಿಯಮ ತಂದ ದಿನ ‘ಇದು ಕೆಟ್ಟಿದೆ ಅಂತ ನನಗೆ ಗೊತ್ತಾಗಬೇಕಾದರೆ ಏನು ಕಾಣಬೇಕು’ ಅಂತ ಒಂದು ಸಾಲು ಬರೆದಿಟ್ಟಿದ್ದರೆ ಸಾಕಿತ್ತು. ‘ಅದೇ ಜನ ಅದೇ ವಿಷಯಕ್ಕೆ ಮತ್ತೆ ಫೋನ್ ಮಾಡಿದರೆ’ ಅಂತಲೇ ಬರೆಯುತ್ತಿದ್ದೆ ಅನಿಸುತ್ತದೆ. ಆ ಹುಡುಗಿಯ ಹಾಳೆ ಅದಕ್ಕೆ ಸರಿಯಾದ ಉತ್ತರ ಆಗಿರುತ್ತಿತ್ತು.

ಆರೂವರೆಗೆ ಅವಳ ಸೀಟಿನ ಹತ್ತಿರ ಹೋದೆ. “ಅವತ್ತಿನ ಹಾಳೆ ಇದೆಯಾ?” ಅಂತ ಕೇಳಿದೆ. “ಇಲ್ಲ ಮೇಡಂ, ಎಸೆದುಬಿಟ್ಟೆ. ಈಗ ಎಲ್ಲರಿಗೂ ಗೊತ್ತಾಯ್ತಲ್ವಾ” ಅಂದಳು. ಮುಖದಲ್ಲಿ ಸಿಟ್ಟು ಇರಲಿಲ್ಲ, ಅದೇ ಜಾಸ್ತಿ ಚುಚ್ಚಿತು. “ನಿಯಮ ನನ್ನದು. ನೀನು ಹೇಳಿದ್ದು ಸರಿ ಇತ್ತು. ಅವತ್ತು ನಾನು ಮಾತಾಡಬೇಕಿತ್ತು, ಮಾತಾಡಲಿಲ್ಲ” ಅಂದೆ. ಅವಳು ಏನೂ ಹೇಳಲಿಲ್ಲ, ತಲೆ ಅಲ್ಲಾಡಿಸಿದಳು. ಬ್ಯಾಗ್ ಹೆಗಲಿಗೆ ಹಾಕಿಕೊಂಡು ಹೊರಟಳು. ನಾಳೆಯ ಮೀಟಿಂಗಿನಲ್ಲಿ ಇದೇ ಮಾತನ್ನು ಹಿರಿಯರ ಎದುರಿಗೂ ಹೇಳಬೇಕು.

ಹಾಳೆ ಹೋಯಿತು, ದೂರುಗಳು ಹಾಗೇ ಇವೆ. ಅವಳು ನೋಡಿದ ತಿಂಗಳಿನದ್ದೇ 40 ತೆರೆದು, ಪೆನ್ಸಿಲ್‌ನಲ್ಲಿ ಗೆರೆ ಎಳೆದು, ಒಂದೊಂದಾಗಿ ನೋಡುತ್ತಾ ಕೂತಿದ್ದೇನೆ. ಈಗ 17ನೆಯದರಲ್ಲಿದ್ದೇನೆ. ಇಲ್ಲಿಯವರೆಗೆ 11 ಜನ ಮತ್ತೆ ಫೋನ್ ಮಾಡಿದ್ದಾರೆ. ಅದರಲ್ಲಿ ಒಬ್ಬರು ಐದು ಸಲ.