ಯಂತ್ರ ಬಂತು, ಇನ್ನು ನೀವೇಕೆ?

“ಅನುವಾದ ಯಂತ್ರಕ್ಕೇ ಬ್ರೆಟನ್ ಬರುತ್ತದಲ್ಲ, ನಿಮ್ಮ ಜಾಲತಾಣ ಇನ್ನೇಕೆ?” ನಾವು ಕೆಲವರು ಸೇರಿ ನಡೆಸುವ ಬ್ರೆಟನ್ ಭಾಷೆಯ ಜಾಲತಾಣದ ಬಗ್ಗೆ ನಿನ್ನೆ ರಾತ್ರಿ ಊಟಕ್ಕೆ ಕುಳಿತಾಗ ಸಹೋದ್ಯೋಗಿಯೊಬ್ಬರು ಹೀಗೆ ಕೇಳಿದರು. ಬ್ರೆಟನ್ ಎಂದರೆ ಫ್ರಾನ್ಸಿನ ವಾಯವ್ಯ ಭಾಗದ ಬ್ರಿಟನಿ ಪ್ರಾಂತ್ಯದ ಭಾಷೆ. ಆ ಸಹೋದ್ಯೋಗಿ ಹುಟ್ಟಿ ಬೆಳೆದದ್ದು ಇಲ್ಲೇ, ಬ್ರಿಟನಿಯ ರೆನ್ ನಗರದಲ್ಲಿ. ಅವರ ಅಜ್ಜಿ ಬ್ರಿಟನಿಯ ಪಶ್ಚಿಮದ ಹಳ್ಳಿಯವರು, ಮನೆಮಾತು ಬ್ರೆಟನ್. ನನಗೆ ಅನ್ನ ಸೇರಲಿಲ್ಲ.

ಗೂಗಲ್ ಅನುವಾದಕ್ಕೆ ಬ್ರೆಟನ್ ಸೇರಿದ್ದು 2024ರಲ್ಲಿ. ಬ್ರೆಟನ್ ವಿಕಿಪೀಡಿಯ 2004ರಿಂದಲೇ ಇದೆ. ಫೈರ್‌ಫಾಕ್ಸ್ ಬ್ರೌಸರನ್ನು ಬ್ರೆಟನ್‌ಗೆ ತಂದವರು, ಕಾಗುಣಿತ ತಿದ್ದುವ ತಂತ್ರಾಂಶ ಮಾಡಿದವರು, ಈ ಭಾಷೆಗೆಂದೇ ಕೀಲಿಮಣೆ ರೂಪಿಸಿದವರು ಎಲ್ಲರೂ ಸ್ವಯಂಸೇವಕರು. ಯಂತ್ರ ಕಲಿಯುವುದು ಯಾರೋ ಬರೆದಿಟ್ಟದ್ದನ್ನು ಓದಿಯೇ ತಾನೆ? ಬರೆದವರನ್ನೇ “ಇನ್ನು ಸಾಕು, ಏಳಿ” ಎಂದರೆ ಹೇಗೆ?

ನಮ್ಮ ತಾಣದ ನಿಘಂಟಿನ ಒಂದೇ ಒಂದು ಕೆಲಸ ಹೇಳುತ್ತೇನೆ. ಬ್ರೆಟನ್‌ನಲ್ಲಿ ತಂದೆ ‘ತಾದ್’. ‘ನಿನ್ನ ತಂದೆ’ ಎಂದರೆ ‘ದ ದಾದ್’, ‘ನನ್ನ ತಂದೆ’ ಎಂದರೆ ‘ಮ ಜ಼ಾದ್’. ಪದದ ಮೊದಲ ಅಕ್ಷರವೇ ಬದಲಾಗುತ್ತದೆ. ಕ, ತ, ಪಗಳು ಗ, ದ, ಬಗಳಾಗುವುದು ನಮಗೆ ಹೊಸದಲ್ಲ. ಹೊಸಗನ್ನಡ, ಬೆಂಬತ್ತು ಎಂದು ಆದೇಶ ಸಂಧಿಯನ್ನು ಶಾಲೆಯಲ್ಲೇ ಓದಿದ್ದೇವೆ. ಆದರೆ ಕಲಿಯುವವರು ‘ಜ಼ಾದ್’ ಎಂದು ಹುಡುಕಿದರೆ ನಿಘಂಟು ಖಾಲಿ ಪುಟ ತೋರಿಸಬಾರದು. ಆ ‘ಜ಼’ದ ಮೂಲ ‘ತ’ ಇರಬಹುದು, ‘ದ’ ಇರಬಹುದು, ‘ಜ಼’ವೇ ಇರಬಹುದು. ಮೂರನ್ನೂ ಹುಡುಕಿ ಸರಿಯಾದದ್ದನ್ನು ಮುಂದಿಡಬೇಕು. ಪದ ಯಾವ ಸೀಮೆಯದು ಎಂಬ ಗುರುತೂ ಬೇಕು, ಏಕೆಂದರೆ ಬ್ರಿಟನಿಯ ದಕ್ಷಿಣದ ವಾನ್ ಪಟ್ಟಣದ ಕಡೆಯವರ ಬ್ರೆಟನ್ ಉಳಿದವರದಕ್ಕಿಂತ ಬಹಳ ಬೇರೆ. ಇದಕ್ಕೆಲ್ಲ ಹಳ್ಳಿಯ ಹಿರಿಯರನ್ನು ಕೇಳಿ, ಬರೆದುಕೊಂಡು, ಇನ್ನೊಬ್ಬರಿಗೆ ತೋರಿಸಿ ಸೇರಿಸುವವರು ಬೇಕು. ಸಂಜೆ ಕಚೇರಿ ಮುಗಿಸಿ ನಾವು ಮಾಡುವುದು ಇದನ್ನೇ.

ಯಂತ್ರದಿಂದ ಉಪಯೋಗವಿಲ್ಲವೇ ಎಂದರೆ, ಇದೆ. ಅಂಗಡಿಯ ಫಲಕ ಓದಲು ಸಾಕು. ಆದರೆ ಮಗುವಿನೊಂದಿಗೆ ಮಾತನಾಡಬೇಕೆಂದು ಭಾಷೆ ಕಲಿಯುವ ತಾಯಿಗೆ ತಪ್ಪೋ ಒಪ್ಪೋ ಎಂದು ಹೇಳುವವರು ಯಾರು?

2018ರ ಸಮೀಕ್ಷೆಯಲ್ಲಿ ಎರಡು ಲಕ್ಷದಷ್ಟಿದ್ದ ಬ್ರೆಟನ್ ಭಾಷಿಕರು 2024ರಲ್ಲಿ ಸುಮಾರು ಒಂದು ಲಕ್ಷ ಏಳು ಸಾವಿರಕ್ಕೆ ಇಳಿದಿದ್ದಾರೆ. ಪಾಠವೆಲ್ಲ ಬ್ರೆಟನ್‌ನಲ್ಲೇ ನಡೆಯುವ ದಿವಾನ್ ಶಾಲೆಗಳು 1977ರಲ್ಲಿ ಆರಂಭವಾದದ್ದು ಸರ್ಕಾರದಿಂದಲ್ಲ, ಜನರಿಂದ. ಅಂಥ ಬೋಧನಾ ಕ್ರಮವೇ ಸಂವಿಧಾನಕ್ಕೆ ವಿರುದ್ಧ ಎಂದು 2021ರಲ್ಲಿ ಫ್ರಾನ್ಸಿನ ಸಾಂವಿಧಾನಿಕ ಪರಿಷತ್ತು ಹೇಳಿತು. ಹೀಗಿರುವಾಗ ಕೈಯಿಂದ ಹಣ ಹಾಕಿ ಸರ್ವರ್ ನಡೆಸುವವರಿಗೆ “ನೀವೇಕೆ?” ಎನ್ನುವ ಮಾತು ನನಗೆ ನೋವು ತರುತ್ತದೆ. ಆ ಅಜ್ಜಿಗೆ ಗೊತ್ತಿದ್ದ ಪದಗಳಲ್ಲಿ ಎಷ್ಟನ್ನು ಮೊಮ್ಮಗ ಬರೆದಿಟ್ಟಿದ್ದಾರೆ? ಕೇಳಬೇಕೆಂದಿದ್ದೆ, ಕೇಳಲಾಗಲಿಲ್ಲ.

ಗೆಳೆಯರಲ್ಲಿ ಪ್ರೋಗ್ರಾಮಿಂಗ್ ಬಲ್ಲವರಿದ್ದರೆ ಇನ್‌ಬಾಕ್ಸ್‌ಗೆ ಬರೆಯಿರಿ. ಬ್ರೆಟನ್ ಬರಬೇಕೆಂದಿಲ್ಲ, ಆದೇಶ ಸಂಧಿ ನೆನಪಿದ್ದರೆ ಸಾಕು. ‘ಗ’ದಿಂದ ಆರಂಭವಾಗುವ ಪದಗಳ ಹುಡುಕಾಟ ಇನ್ನೂ ಸರಿಹೋಗಿಲ್ಲ.